ನಂದಿಯವರೆಗೆ ಸಾಕು

ಚಾಮುಂಡಿ ಬೆಟ್ಟದ ಪಾದದಲ್ಲಿ ಹೊಸಬರನ್ನು ಗುರುತಿಸುವುದು ಸುಲಭ. ಶೂ ಹೊಸದು, ನೀರಿನ ಬಾಟಲಿ ದೊಡ್ಡದು, ಮೊದಲ ನೂರು ಮೆಟ್ಟಿಲು ಓಟ. ಇನ್ನೂರಕ್ಕೆ ಬರುವಷ್ಟರಲ್ಲಿ ಕೈ ಸೊಂಟದ ಮೇಲೆ, ಮುನ್ನೂರಕ್ಕೆ ಮೈಯೇ ಕಟ್ಟೆಯ ಮೇಲೆ. ಪ್ರತಿ ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಹರಕೆ ತೀರಿಸುವ ಹೆಂಗಸರು ಅವರನ್ನು ದಾಟಿಕೊಂಡು ಹೋಗುತ್ತಾರೆ. ಸಾವಿರ ಮೆಟ್ಟಿಲಿನವರೆಗೂ ಬಾಳುವ ವೇಗ ಯಾವುದೆಂದು ಈ ಹೆಂಗಸರಿಗೆ ಗೊತ್ತು.

ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಈ ಮೆಟ್ಟಿಲುಗಳಿಗಿಂತ ಒಳ್ಳೆಯ ವ್ಯಾಯಾಮದ ಸಾಧನ ಮೈಸೂರಿನಲ್ಲಿ ಇಲ್ಲ ಎನ್ನುವುದು ನನ್ನ ಪಕ್ಷಪಾತ. ಇಲ್ಲಿ ಲೆಕ್ಕವಿಡಲು ಕೈಗಡಿಯಾರ ಬೇಡ, ಮೊಬೈಲು ಬೇಡ. ಏಳುನೂರರ ಆಸುಪಾಸಿನಲ್ಲಿ ಏಕಶಿಲೆಯ ನಂದಿ ಕೂತಿದೆ. ಹೊಸದಾಗಿ ಹತ್ತುವವರು ತುದಿಯ ಗುಡಿಯನ್ನು ಮರೆತು ನಂದಿಯನ್ನು ಗುರಿಯಾಗಿಟ್ಟುಕೊಳ್ಳಬೇಕು, ಅದೂ ಮೊದಲ ದಿನಕ್ಕಲ್ಲ.

ಮೊದಲ ವಾರ ಇನ್ನೂರು ಮೆಟ್ಟಿಲು ಹತ್ತಿ ಇಳಿಯಿರಿ, ಮೂರು ದಿನ. ಉಳಿದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡಿಗೆ. ಜತೆಯವರೊಂದಿಗೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು, ಅದು ಸರಿಯಾದ ವೇಗ. ವಾರಕ್ಕೆ 150ರಿಂದ 300 ನಿಮಿಷ ಇಂಥ ನಡಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆಮೇಲೆ ವಾರಕ್ಕೆ ಐವತ್ತೇ ಮೆಟ್ಟಿಲು ಸೇರಿಸುತ್ತ ಬನ್ನಿ. ಹತ್ತು ವಾರಕ್ಕೆ ನಂದಿಯ ಮುಂದೆ ನಿಂತಿರುತ್ತೀರಿ. ಮಧ್ಯೆ ಒಂದು ವಾರ ಮದುವೆ ಮುಂಜಿ ಅಂತ ತಪ್ಪಿದರೆ ಹಿಂದಿನ ವಾರದ ಲೆಕ್ಕಕ್ಕೇ ಮರಳಿ. ತಪ್ಪಿದ್ದನ್ನೆಲ್ಲ ಒಂದೇ ಬೆಳಗ್ಗೆ ತೀರಿಸಲು ಹೋಗಬೇಡಿ.

ಹತ್ತುವಾಗ ಏದುಸಿರು ಎಚ್ಚರಿಸುತ್ತದೆ, ಇಳಿಯುವಾಗ ಎಚ್ಚರಿಸುವವರಿಲ್ಲ. ಮೈಭಾರ ತಡೆಯುತ್ತ ತೊಡೆಯ ಸ್ನಾಯು ಹಿಗ್ಗುವುದು ಇಳಿತದಲ್ಲಿ. ಅದರ ನೋವು ಮಾರನೆಯ ದಿನ, ಕೆಲವರಿಗೆ ಮೂರನೆಯ ದಿನ ಗೊತ್ತಾಗುತ್ತದೆ. ಮಂಡಿಗೆ ಬೀಳುವ ಹೊರೆಯೂ ಆಗಲೇ ಹೆಚ್ಚು. ಆದ್ದರಿಂದ ತುದಿ ಮುಟ್ಟುವ ಕಾಲ ಬಂದಾಗ ಹತ್ತುವುದು ಕಾಲಲ್ಲಿ, ಇಳಿಯುವುದು ಸಿಟಿ ಬಸ್ಸಲ್ಲಿ ಎಂದಿಟ್ಟುಕೊಳ್ಳಿ. ಯಾರೂ ನಗುವುದಿಲ್ಲ. ಎದೆನೋವು, ಬಿ.ಪಿ., ಮಂಡಿನೋವು ಇರುವವರು ಮೊದಲು ಡಾಕ್ಟರನ್ನು ಕೇಳಿಯೇ ಪಾದ ಮುಟ್ಟಬೇಕು.

ಈಗ ಕಹಿ ಲೆಕ್ಕ. 70 ಕೆ.ಜಿ. ಆಸಾಮಿ ಬೆಟ್ಟ ಪೂರ್ತಿ ಹತ್ತಿದರೆ ಖರ್ಚಾಗುವುದು ಹೆಚ್ಚೂಕಡಿಮೆ 200 ಕ್ಯಾಲೊರಿ. ಒಂದು ಕೆ.ಜಿ. ಕೊಬ್ಬಿನಲ್ಲಿರುವುದು ಸುಮಾರು 7,700. ಬರೀ ಮೆಟ್ಟಿಲಿನಿಂದಲೇ ಒಂದು ಕೆ.ಜಿ. ಕರಗಿಸಬೇಕಾದರೆ ಮೂವತ್ತೆಂಟು ಸಲ ಹತ್ತಬೇಕು, ಅದೂ ಪ್ರತಿ ಸಲ ಕೆಳಗೆ ಬಂದು ಬೆಣ್ಣೆ ಮಸಾಲೆ ದೋಸೆ ತಿನ್ನದೆ. ತಿಂದರೆ ಅಷ್ಟೂ ವಾಪಸ್, ಮೇಲೆ ಬಡ್ಡಿ.

ಹಾಗಾದರೆ ಯಾಕೆ ಹತ್ತಬೇಕು? ಜೆರೆಮಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಉತ್ತರ ಹುಡುಕಿದ. ದಿನವಿಡೀ ಕೂರುವ ಡ್ರೈವರುಗಳಿಗಿಂತ, ಟಿಕೆಟ್ ಕೊಡಲು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ಪ್ರಕಟಿಸಿದ. ಮೆಟ್ಟಿಲು ಗುಂಡಿಗೆಗೆ, ತಟ್ಟೆ ತೂಕಕ್ಕೆ. ಎರಡನ್ನೂ ಒಂದರ ತಲೆಗೇ ಕಟ್ಟುವುದರಿಂದಲೇ ಜನ ಒಂದೆರಡು ತಿಂಗಳಿಗೆ ಬೇಸತ್ತು ಬಿಡುತ್ತಾರೆ.

ತಟ್ಟೆಯ ವಿಷಯದಲ್ಲಿ ರಾಗಿಯ ಹೆಸರಲ್ಲಿ ದೊಡ್ಡ ಭ್ರಮೆಯಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು, ಹೇಳಿಕೊಳ್ಳುವಂಥ ಅಂತರವಲ್ಲ. ಅಂತರವಿರುವುದು ನಾರಿನಲ್ಲಿ: ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ. ಹಾಗಾಗಿ ಮುದ್ದೆ ಉಣ್ಣಿ, ಆದರೆ ಉಂಡೆ ಚಿಕ್ಕದಾಗಲಿ. ಮೂವತ್ತೆರಡು ಸಲ ಅಗಿಯಿರಿ ಎಂಬ ಉಪದೇಶ ಮುದ್ದೆಗೆ ನಡೆಯುವುದಿಲ್ಲ; ಅದು ನುಂಗುವ ಪದಾರ್ಥ. ಮುರಿದು, ಬೆರಳಲ್ಲಿ ಉರುಟು ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ ನುಂಗಿದ ಮೇಲೆ, ಮುಂದಿನ ತುತ್ತಿಗೆ ಮುಂಚೆ ಪಲ್ಯದ ಸೊಪ್ಪು, ಕಾಳು ಅಗಿಯಿರಿ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಇಪ್ಪತ್ತು ನಿಮಿಷವಾದರೂ ಬೇಕು. ಹತ್ತೇ ನಿಮಿಷದಲ್ಲಿ ಕೈ ತೊಳೆಯುವವನು ಸುದ್ದಿ ಬರುವ ಮುಂಚೆಯೇ ಎರಡನೆಯ ಸಲ ಅನ್ನ ಹಾಕಿಸಿಕೊಂಡಿರುತ್ತಾನೆ.

ಬಾಳೆಲೆ ಊಟದ ಕ್ರಮ ಇಲ್ಲಿ ನಮ್ಮ ಪರವಾಗಿದೆ. ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ, ಅನ್ನ ಆಮೇಲೆ. ಅವನ್ನು ನಂಚಿಕೊಳ್ಳಲು ಉಳಿಸದೆ ಮೊದಲೇ ತಿಂದುಬಿಡಿ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಅನ್ನ ಸುರಿಯುವ ಪ್ರೀತಿಯ ಅತ್ತೆಯಂದಿರಿಗೆ ಮಜ್ಜಿಗೆ ಕೇಳಿ; ಅವರ ಕೈಗೂ ಕೆಲಸ, ನಿಮಗೂ ಬಿಡುಗಡೆ. ದಿನಕ್ಕೆ ನಾಲ್ಕು ಕಾಫಿ ಕುಡಿಯುವವರು ಲೋಟಕ್ಕೆ ಎರಡು ಚಮಚದಂತೆ ಎಂಟು ಚಮಚ ಸಕ್ಕರೆ ಸೇವಿಸುತ್ತಾರೆ, ಅಂದರೆ ಸುಮಾರು 160 ಕ್ಯಾಲೊರಿ. ಡಿಕಾಕ್ಷನ್ ಚೆನ್ನಾಗಿದ್ದರೆ ಅರ್ಧ ಚಮಚವೂ ಹೆಚ್ಚೇ. ಸಕ್ಕರೆಯನ್ನು ಒಮ್ಮೆಲೇ ಬಿಡದೆ ವಾರಕ್ಕೆ ಅರ್ಧ ಚಮಚದಂತೆ ತಗ್ಗಿಸಿದರೆ ನಾಲಿಗೆ ತಕರಾರು ತೆಗೆಯುವುದಿಲ್ಲ.

ತಿಂಗಳಿಗೆ ಒಂದೂವರೆ, ಎರಡು ಕೆ.ಜಿ. ಇಳಿದರೆ ಧಾರಾಳವಾಯಿತು. 80 ಕೆ.ಜಿ.ಯವರು 4 ಕೆ.ಜಿ. ಇಳಿಸಿದರೂ ಸಕ್ಕರೆ, ರಕ್ತದೊತ್ತಡ ಎರಡೂ ಮಾತು ಕೇಳತೊಡಗುತ್ತವೆ. ತಕ್ಕಡಿಯ ಮುಳ್ಳು ಅಲುಗದ ವಾರ ಟೇಪು ಹಿಡಿದು ಸೊಂಟ ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು.

ಆಷಾಢ ಶುಕ್ರವಾರ ಬೆಟ್ಟ ಹತ್ತುತ್ತೇನೆಂದು ಪ್ರತಿ ವರ್ಷ ಹೇಳಿ, ಹಿಂದಿನ ದಿನ ಹೊಸ ಶೂ ಕೊಳ್ಳುವವರಿಗೆ ನನ್ನದು ಒಂದೇ ಮಾತು: ಆಷಾಢಕ್ಕೆ ಹತ್ತುವವರು ಯುಗಾದಿಗೇ ಶುರು ಮಾಡಬೇಕು, ಇನ್ನೂರು ಮೆಟ್ಟಿಲಿನಿಂದ.