ಪರ್ವಕಥೆಯಲ್ಲಿ ಪರ್ವದ ಸ್ಥಾನ: ‘ಟ್ವೆಲ್ವ್ ಡಾಕ್ಟರ್ಸ್ ಆಫ್ ಕ್ರಿಸ್‌ಮಸ್’ ಎಂಬ ಕಥಾಸಂಗ್ರಹದ ವಿಮರ್ಶೆ

ಪರ್ವದಿನವನ್ನು ನಿಮಿತ್ತಮಾಡಿಕೊಂಡು ಕಥೆಗಳನ್ನು ಪ್ರಕಟಿಸುವ ವಾಡಿಕೆಯು ಆಂಗ್ಲ ಸಾಹಿತ್ಯದಲ್ಲಿ ಹಳೆಯದು. 1843ರಲ್ಲಿ ಹೊರಬಿದ್ದ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಥೆಯಿಂದ ಅದು ಬಲವಾಗಿ ಬೇರೂರಿತು. ನೆರೆಯ ಮರಾಠಿಯಲ್ಲಿ ‘ಮನೋರಂಜನ’ ಪತ್ರಿಕೆಯು 1909ರಲ್ಲಿ ದಿವಾಳಿ ಅಂಕವನ್ನು ಹೊರಡಿಸಿತು. ನಮ್ಮ ಕನ್ನಡದಲ್ಲಿಯೂ ದೀಪಾವಳಿಯ ವಿಶೇಷಾಂಕಗಳು ರೂಢವಾಗಿವೆ. ಈಗ ವಿಚಾರಕ್ಕೆ ತೆಗೆದುಕೊಂಡಿರುವ ಗ್ರಂಥವು ಈ ಜಾತಿಯದೇ ಆದರೂ ಒಂದು ವಿಶೇಷವುಳ್ಳದ್ದು. 2016ರಲ್ಲಿ ಬಿ.ಬಿ.ಸಿ.ಯ ಬಾಲಗ್ರಂಥಮಾಲೆಯಲ್ಲಿ ಪ್ರಕಟವಾದ ಈ ಸಂಗ್ರಹದಲ್ಲಿ ಆರು ಮಂದಿ ಲೇಖಕರ ಹನ್ನೆರಡು ಕಥೆಗಳಿವೆ. ಎಲ್ಲಕ್ಕೂ ನಾಯಕನೊಬ್ಬನೇ. ಅವನನ್ನು ಈ ಲೇಖಕರು ಯಾರೂ ಸೃಷ್ಟಿಸಿದವರಲ್ಲ.

ಈ ನಾಯಕನ ವೃತ್ತಾಂತವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಥಾಮಾಲೆಯು 1963ನೆಯ ನವೆಂಬರ 23ರಂದು ದೂರದರ್ಶನದಲ್ಲಿ ಆರಂಭವಾಯಿತು. ಪೋಲೀಸ್ ಪೆಟ್ಟಿಗೆಯ ಆಕಾರದ ಯಂತ್ರವೊಂದರಲ್ಲಿ ಕುಳಿತು ದೇಶಕಾಲಗಳನ್ನು ಸಂಚರಿಸುವ, ಹೆಸರು ತಿಳಿಯದ ಪುರುಷನೊಬ್ಬನು ಇದರ ನಾಯಕ. ಮೊದಲ ನಟನು 1966ರಲ್ಲಿ ನಿರ್ಗಮಿಸಿದಾಗ, ನಾಯಕನು ಶರೀರಾಂತರವನ್ನು ಪಡೆಯುತ್ತಾನೆಂಬ ಉಪಾಯವನ್ನು ಕಲ್ಪಿಸಲಾಯಿತು. ನಮ್ಮ ಪುರಾಣಗಳ ಅವತಾರವಾದವನ್ನು ಬಲ್ಲವರಿಗೆ ಇದರಲ್ಲಿ ಗ್ರಹಿಸಲಾರದ್ದೇನೂ ಇಲ್ಲ. ಹೀಗೆ ಈ ಸಂಗ್ರಹವು ಹೊರಬಿದ್ದ 2016ರ ಹೊತ್ತಿಗೆ ಎಣಿಕೆಗೆ ಹನ್ನೆರಡು ದೇಹಗಳಾಗಿದ್ದವು. ದೇಹಕ್ಕೊಂದರಂತೆ ಹನ್ನೆರಡು ಕಥೆಗಳು.

ಪರರ ನಾಯಕನನ್ನು ಎರವು ತಂದು ಬರೆದುದು ಕಾವ್ಯವಾದೀತೇ ಎಂದು ಆಕ್ಷೇಪಿಸುವವರುಂಟು. ಪಂಪನ ತಾಯಿಯ ತವರಾದ ಅಣ್ಣಿಗೇರಿಯ ನೆಲದಲ್ಲಿ ನಿಂತು ಈ ಆಕ್ಷೇಪವನ್ನೆತ್ತುವದು ಸಾಹಸವೇ ಸರಿ! ವಸ್ತುವು ಪ್ರಖ್ಯಾತವೋ ಉತ್ಪಾದ್ಯವೋ ಮಿಶ್ರವೋ ಎಂದು ದಶರೂಪಕಕಾರನು ವಿಭಾಗಿಸಿದನೇ ಹೊರತು, ಪ್ರಖ್ಯಾತವು ಹೀನವೆಂದು ಹೇಳಲಿಲ್ಲ. ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿದ್ದ ಬೀಜವು ರನ್ನನ ಕೈಯಲ್ಲಿ ಗದಾಯುದ್ಧವೆಂಬ ವೃಕ್ಷವಾಯಿತು. ಆದಕಾರಣ ಎರವಿನ ದೋಷವನ್ನು ಈ ಗ್ರಂಥದ ಮೇಲೆ ಹೊರಿಸಲಾಗದು. ಪರೀಕ್ಷಿಸತಕ್ಕದ್ದು ಬೇರೆ ಎರಡು ಸಂಗತಿಗಳನ್ನು.

ಮೊದಲನೆಯದು, ಕಥೆಯಲ್ಲಿ ಹಬ್ಬಕ್ಕೆ ಏನು ಕೆಲಸ? ಕಾಳಿದಾಸನ ಮಾಲವಿಕಾಗ್ನಿಮಿತ್ರವು ವಸಂತೋತ್ಸವದಲ್ಲಿ ಪ್ರಯೋಗಿಸಲ್ಪಟ್ಟಿತೆಂದು ಪ್ರಸ್ತಾವನೆಯಲ್ಲಿದೆ. ಅಲ್ಲಿ ಉತ್ಸವವು ಪ್ರಯೋಗಕ್ಕೆ ನಿಮಿತ್ತ. ಹರ್ಷನ ರತ್ನಾವಳಿಯಲ್ಲಾದರೋ ಮದನೋತ್ಸವವು ಪ್ರಥಮಾಂಕದೊಳಗೇ ಪ್ರವೇಶಿಸುತ್ತದೆ. ವಾಸವದತ್ತೆಯು ಕಾಮನನ್ನು ಪೂಜಿಸುತ್ತಿರಲು, ಮರೆಯಲ್ಲಿ ನಿಂತ ಸಾಗರಿಕೆಯು ರಾಜನನ್ನೇ ಕಾಮನೆಂದು ಭ್ರಮಿಸುತ್ತಾಳೆ. ಆ ಉತ್ಸವವನ್ನು ಕಿತ್ತರೆ ನಾಟಕವೇ ಉಳಿಯದು. ಹೋಳಿಯ ಕಾಲದಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ಹರಕೆ ಹೊತ್ತು ನಿಲ್ಲುವ ಜನಸಂದಣಿಯನ್ನು ಕಂಡವರಿಗೆ, ದೇವರ ಮುಂದೆ ನಿಂತವರ ಮನಸ್ಸು ಏನನ್ನು ಬೇಕಾದರೂ ನಂಬಬಲ್ಲದೆಂಬ ಹರ್ಷನ ಈ ಯುಕ್ತಿಯು ಎಷ್ಟು ಸಹಜವೆಂಬದು ಹೊಳೆಯದಿರದು. ಹಬ್ಬವು ಉದ್ದೀಪನ ವಿಭಾವವಾಗಬೇಕು, ಬರಿಯ ತೋರಣವಾಗಬಾರದು.

ಈ ಕಥಾಮಾಲೆಗಂತೂ ಇನ್ನೊಂದು ತೊಡಕುಂಟು. ವರ್ಷಕ್ಕೊಮ್ಮೆ ಅದೇ ತಿಥಿಯು ತಿರುಗಿ ಬರುವದರಿಂದಲೇ ಹಬ್ಬವು ಹಬ್ಬ. ಎಲ್ಲ ತಿಥಿಗಳೂ ಏಕಕಾಲಕ್ಕೆ ಕೈಗೆಟುಕುವ ಪುರುಷನಿಗೆ ಪಂಚಾಂಗವೆಲ್ಲಿಯದು? ಇದು ಮೇಲ್ನೋಟಕ್ಕೆ ವಿರೋಧ; ಜಾಣನಾದ ಕವಿಗೆ ವಿರೋಧಾಭಾಸವೆಂಬ ಅಲಂಕಾರ. 1965ನೆಯ ಡಿಸೆಂಬರ 25ರಂದು ಪ್ರಸಾರವಾದ ‘ದಿ ಫೀಸ್ಟ್ ಆಫ್ ಸ್ಟೀವನ್’ ಎಂಬ ಕಂತಿನ ಕೊನೆಯಲ್ಲಿ ನಾಯಕನು ಪಾತ್ರಧರ್ಮವನ್ನು ಮೀರಿ, ಪ್ರೇಕ್ಷಕರ ಕಡೆಗೆ ತಿರುಗಿ ಹಬ್ಬದ ಶುಭಾಶಯವನ್ನು ನುಡಿದನು. ಆಂಗ್ಲ ವಿಮರ್ಶಕರಿಗೆ ಇದು ವಿಚಿತ್ರವಾಗಿ ತೋರಿತು. ಭರತವಾಕ್ಯವನ್ನು ಕೇಳಿ ಬೆಳೆದ ನಮಗೆ ಹಾಗೆ ತೋರಬೇಕಾಗಿಲ್ಲ. ಅದರ ಚಿತ್ರವು ನಷ್ಟವಾಗಿ ಧ್ವನಿ ಮಾತ್ರ ಉಳಿದಿರುವದು ಖೇದಕರ.

ಪ್ರಕೃತ ಸಂಗ್ರಹದಲ್ಲಿ ಈ ವಿರೋಧವನ್ನು ನಿಜವಾಗಿ ದುಡಿಸಿಕೊಂಡ ಕಥೆಯೆಂದರೆ ಗ್ಯಾರಿ ರಸೆಲ್ಲನ ‘ದಿ ರೆಡ್ ಬೈಸಿಕಲ್’. ಇದರ ಮೂಲವು 2005ರಲ್ಲಿ ಪ್ರಸಾರವಾದ ‘ದಿ ಡಾಕ್ಟರ್ ಡಾನ್ಸಸ್’ ಎಂಬ ಕಂತಿನ ಒಂದು ಮಾತು. ತಾನು ಕ್ರಿಸ್‌ಮಸ್ ತಾತನಲ್ಲವೆಂದು ಹೇಳಿದವರಾರು ಎಂದು ಕೇಳುತ್ತ, ರೋಸ್ ಎಂಬ ಸಂಗಾತಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಬಂದಿದ್ದ ಕೆಂಪು ಸೈಕಲ್ಲನ್ನು ಡಾಕ್ಟರನು ನೆನಪಿಸುತ್ತಾನೆ. ಕೊಟ್ಟವನು ಅವನೇ ಎಂಬದು ಅಲ್ಲಿ ವಾಚ್ಯವಲ್ಲ, ವ್ಯಂಗ್ಯ. ಹುಡುಗಿಯ ಮುಖದ ಬೆರಗೇ ಅಲ್ಲಿ ಸರ್ವಸ್ವ. ಹೀಗೆ ಧ್ವನಿತವಾದುದನ್ನು ಕಥೆಯು ಬಿಡಿಸಿ ಹೇಳುತ್ತದೆ. ಧ್ವನಿಯನ್ನು ವಾಚ್ಯಮಾಡಿದರೆ ಚಮತ್ಕಾರವು ಕುಂದುವದೆಂಬದು ಆಲಂಕಾರಿಕರ ಮತ; ಆ ಹಾನಿಯು ಇಲ್ಲಿಯೂ ಇಲ್ಲದಿಲ್ಲ. ಆದರೂ ಕಥೆಯು ಬದುಕುತ್ತದೆ. ಏಕೆಂದರೆ ಮುಂದೆ ಪರಿಚಯವಾದವನು ಹಿಂದಣ ಹಬ್ಬಕ್ಕೆ ಉಡುಗೊರೆ ತರುವದು ಕಾಲಸಂಚಾರಿಯೊಬ್ಬನಿಂದ ಮಾತ್ರ ಸಾಧ್ಯ; ಕೊಡುವದು ಆ ಹಬ್ಬದ ಪ್ರಾಣ. ಇಲ್ಲಿ ವಿಜ್ಞಾನಕಲ್ಪನೆಯೂ ಪರ್ವವೂ ಒಂದೇ ಎಳೆಯಾಗಿವೆ.

ಜಾಕ್ವೆಲಿನ್ ರೇನರ್ ಎಂಬ ಲೇಖಕಿಯ ‘ದಿ ಕ್ರಿಸ್‌ಮಸ್ ಇನ್ವರ್ಷನ್’ ಜಾಣತನದ ರಚನೆ. 2005ರ ಹಬ್ಬದ ದಿನ ಪ್ರಸಾರವಾದ ‘ದಿ ಕ್ರಿಸ್‌ಮಸ್ ಇನ್ವೇಷನ್’ನಲ್ಲಿ ಹತ್ತನೆಯ ಡಾಕ್ಟರನು ಬಹುಕಾಲ ಮೂರ್ಛೆಯಲ್ಲಿರುತ್ತಾನೆ, ಆ ಸಂಗತಿಗಳ ನಡುವೆ ಮೂರನೆಯ ಡಾಕ್ಟರನನ್ನು ತಂದು ನಿಲ್ಲಿಸಲಾಗಿದೆ. ಹೆಸರಿನ ಶ್ಲೇಷೆಯೂ ಸೊಗಸಾಗಿದೆ. ಆದರೆ ಮೂಲವನ್ನು ನೋಡದವನಿಗೆ ಇದರ ರಸವು ದಕ್ಕದು. ರನ್ನನನ್ನು ಓದಲು ಪಂಪನು ಸಹಾಯಕನು, ಅನಿವಾರ್ಯನಲ್ಲ. ಇಲ್ಲಿ ಮೂಲವು ಅನಿವಾರ್ಯ.

ಎರಡನೆಯದು ಇನ್ನೂ ಗಂಭೀರವಾದುದು. ಇತಿವೃತ್ತದಲ್ಲಿ ರಸಕ್ಕೆ ಅನನುಗುಣವಾದ ಸನ್ನಿವೇಶವು ಬಂದರೆ ಅದನ್ನು ತ್ಯಜಿಸಿ, ಬೇರೆಯದನ್ನು ಕಲ್ಪಿಸಬೇಕೆಂದು ಆನಂದವರ್ಧನನು ಧ್ವನ್ಯಾಲೋಕದ ತೃತೀಯೋದ್ದ್ಯೋತದಲ್ಲಿ ವಿಧಿಸಿದ್ದಾನೆ. ರನ್ನನು ಆ ಅಧಿಕಾರವನ್ನು ಚಲಾಯಿಸಿದ್ದರಿಂದಲೇ ದುರ್ಯೋಧನನ ಅವಸಾನಕ್ಕೆ ಕಣ್ಣೀರು ಬರುತ್ತದೆ. ಮಹಾಭಾರತಕ್ಕೆ ಒಡೆಯರಿರಲಿಲ್ಲ. ಈ ಡಾಕ್ಟರನಿಗೆ ಪ್ರಸಾರಸಂಸ್ಥೆಯು ಒಡೆಯ. ಡಾಲೆಕ್ಕುಗಳೆಂಬ ಪ್ರತಿನಾಯಕರ ಸ್ವಾಮ್ಯವು ಅವನ್ನು ಕಲ್ಪಿಸಿದ ಟೆರಿ ನೇಷನ್ನನ ವಾರಸುದಾರರ ಕಡೆಗೆ ಸೇರಿದೆ. ಅನುಮತಿಯಿಂದ ಬರೆಯುವವನು ನಾಯಕನನ್ನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಹಾನಿಯಿಲ್ಲದಲ್ಲಿ ಕರುಣಕ್ಕೆ ಎಡೆಯಿಲ್ಲ. ಆದುದರಿಂದ ಹನ್ನೆರಡೂ ಕಥೆಗಳು ಅದ್ಭುತ, ಹಾಸ್ಯಗಳ ಅಂಗಳವನ್ನು ದಾಟಿ ಹೆಚ್ಚು ದೂರ ಹೋಗವು. ಇದು ಲೇಖಕರ ಶಕ್ತಿಯ ಕೊರತೆಯಲ್ಲ.

ನಮ್ಮಲ್ಲಿಯ ಸ್ಥಿತಿಯಾದರೋ ಇದಕ್ಕೆ ವಿಪರೀತ. ಬಾಳ ಫೋಂಡಕೆಯವರು ಸಂಪಾದಿಸಿ, ನ್ಯಾಶನಲ್ ಬುಕ್ ಟ್ರಸ್ಟಿನವರು 1993ರಲ್ಲಿ ಪ್ರಕಟಿಸಿದ ‘ಇಟ್ ಹ್ಯಾಪನ್ಡ್ ಟುಮಾರೊ’ ಎಂಬ ಭಾರತೀಯ ವೈಜ್ಞಾನಿಕ ಕಥಾಸಂಕಲನದಲ್ಲಿ ಕನ್ನಡದ ರಾಜಶೇಖರ ಭೂಸನೂರಮಠ, ಸಂಜಯ ಹಾವನೂರ ಇವರ ಕಥೆಗಳಿವೆ. ಪ್ರತಿಯೊಬ್ಬನೂ ತನ್ನ ಲೋಕವನ್ನು ತಾನೇ ಕಟ್ಟಬೇಕು. ಹತ್ತು ಮಂದಿ ಕೂಡಿ ಕೈಯಾಡಿಸುವ ಸಾಮಾನ್ಯ ನಾಯಕನು ಈ ಪ್ರಕಾರದಲ್ಲಿ ನಮಗೆ ಒದಗಿಲ್ಲ. ದೀಪಾವಳಿಯ ಅಂಕಗಳಲ್ಲಿಯೂ ಹಬ್ಬವು ಸಾಮಾನ್ಯವಾಗಿ ಮಾಲವಿಕಾಗ್ನಿಮಿತ್ರದಲ್ಲಿಯಂತೆ ಪ್ರಕಟನೆಗೆ ನಿಮಿತ್ತವಾಗಿ ನಿಂತಿದೆ. ದೀಪದ ಸುದ್ದಿಯೇ ಇಲ್ಲದ ಕಥೆಯೂ ಅಲ್ಲಿ ಸಲ್ಲುತ್ತದೆ. ಅಧ್ಯಾಪಕರು ಈ ಸಂಗ್ರಹವನ್ನು ಇಡಿಯಾಗಿ ಪಾಠಕ್ಕಿಡಬೇಕೆಂದು ನಾನು ಹೇಳಲಾರೆ. ‘ದಿ ರೆಡ್ ಬೈಸಿಕಲ್’ ಒಂದನ್ನು ರತ್ನಾವಳಿಯ ಪ್ರಥಮಾಂಕದೊಡನೆ ಓದಿಸಬಹುದು. ದೂರದರ್ಶನದ ಆ ಒಂದು ಮಾತನ್ನು ಮೊದಲು ಕೇಳಿಸಿ, ಕಥೆಯನ್ನು ಆಮೇಲೆ ಓದಿಸತಕ್ಕದ್ದು.