ಒಂದೇ ರಾತ್ರಿಯ ಗುಣ

2004ರಲ್ಲಿ ತೆರೆಕಂಡ ‘ಆಪ್ತಮಿತ್ರ’ ಟಿ.ವಿ.ಯಲ್ಲಿ ಬಂದರೆ ಜನ ಈಗಲೂ ಕುಳಿತು ನೋಡುತ್ತಾರೆ. ಮಲಯಾಳಂನ ‘ಮಣಿಚಿತ್ರತಾಳ್’ (1993) ಕಥೆಯನ್ನು ಪಿ. ವಾಸು ಕನ್ನಡಕ್ಕೆ ತಂದ ಚಿತ್ರವಿದು. ಗಂಗಾ ನಾಗವಲ್ಲಿಯಾಗುವ ದೃಶ್ಯಗಳಲ್ಲಿ ಸೌಂದರ್ಯ ಅವರ ಅಭಿನಯ ಮರೆಯುವಂಥದ್ದಲ್ಲ.

ಚಿತ್ರದ ಒಂದು ಒಳ್ಳೆಯತನವನ್ನು ಮೊದಲು ಒಪ್ಪಿಕೊಳ್ಳಬೇಕು. ಮನೋವೈದ್ಯ (ವಿಷ್ಣುವರ್ಧನ್) ಮತ್ತು ಆಚಾರ್ಯ (ಅವಿನಾಶ್) ಇಲ್ಲಿ ಒಬ್ಬರನ್ನೊಬ್ಬರು ಹೀಯಾಳಿಸುವುದಿಲ್ಲ. ಗಂಗಾಳಿಗಾಗಿ ಕೈಜೋಡಿಸುತ್ತಾರೆ. ಕಾಯಿಲೆಯವರ ಮನೆಗೆ ಬೇಕಾದದ್ದೂ ಅದೇ.

ತೊಡಕಿರುವುದು ಮುಕ್ತಾಯದಲ್ಲಿ. ರಾಜನ ಪ್ರತಿಕೃತಿ ನಾಶವಾದೊಡನೆ ಗಂಗಾ ಗುಣಮುಖಳಾಗುತ್ತಾಳೆ. ಮರುದಿನದ ಮಾತ್ರೆಯಿಲ್ಲ, ಮುಂದಿನ ತಿಂಗಳ ತಪಾಸಣೆಯಿಲ್ಲ. ಸಿನಿಮಾ ತಾನೇ, ಗಂಗಾಳ ಕಾಯಿಲೆಯೇ ಬೇರೆ ಎನ್ನಬಹುದು. ಆದರೆ ಪ್ರೇಕ್ಷಕರು ಮನೆಗೆ ಕೊಂಡೊಯ್ಯುವುದು ಆ ಒಂದು ರಾತ್ರಿಯನ್ನೇ.

ಸ್ಕಿಝೋಫ್ರೇನಿಯಾದಂತಹ ಕಾಯಿಲೆಯಲ್ಲಿ ಮಾತ್ರೆಯಿಂದ ನಿದ್ದೆ ಬಂತು, ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು ಎಂದರೆ ಸಾಕು, ‘ಗುಣವಾಯಿತಲ್ಲ, ಇನ್ನೇಕೆ ಔಷಧಿ?’ ಎನ್ನುತ್ತೇವೆ. ಹರಕೆ ಫಲಿಸಿದ ಮೇಲೂ ಮಾತ್ರೆ ನುಂಗುವುದು ನಂಬಿಕೆಯ ಕೊರತೆಯಂತೆ ಕಾಣುತ್ತದೆ. ಔಷಧಿ ನಿಲ್ಲಿಸಿದ ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸಿದರೆ ದೂರು ಮತ್ತೆ ಮಾಟದ ಮೇಲೆ!

ಪವಾಡಕ್ಕಾಗಿ ಕಾಯುವುದರ ಬೆಲೆಯನ್ನು ತಮಿಳುನಾಡಿನ ಏರ್ವಾಡಿ ತೋರಿಸಿದೆ. ದರ್ಗಾದ ಆ ಊರಿನ ಖಾಸಗಿ ಆಶ್ರಯಧಾಮವೊಂದರಲ್ಲಿ ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿಟ್ಟಿದ್ದರು. 2001ರ ಆಗಸ್ಟ್ 6ರಂದು ಅಲ್ಲಿ ಬೆಂಕಿ ಬಿದ್ದು 28 ಮಂದಿ ಸತ್ತರು. ರೋಗಿಗಳಿಗೆ ಸರಪಳಿ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಹಾಗೆಂದು ದರ್ಗಾಕ್ಕೆ ಹೋಗುವವರನ್ನು ಬೈದು ಪ್ರಯೋಜನವಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ‘ದವಾ-ದುಆ’ ಯೋಜನೆ ಆರಂಭವಾಯಿತು. ಅಲ್ಲಿ ದುಆ ಮಾಡಿದ ಮುಜಾವರರೇ ರೋಗಿಯನ್ನು ವೈದ್ಯರ ಬಳಿಗೆ ಕಳುಹಿಸುತ್ತಾರೆ. ಆಚಾರ್ಯರೂ ವೈದ್ಯರೂ ಕೈಜೋಡಿಸುವ ಸಿನಿಮಾ ದೃಶ್ಯಕ್ಕಿಂತ ಇದು ದೊಡ್ಡದು. ಏಕೆಂದರೆ ಇಲ್ಲಿ ಮರುದಿನವೂ ಇದೆ.

ಮೊದಲು ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಗೊತ್ತು. ಆದರೆ ಒಂಟೆಯನ್ನು ಒಮ್ಮೆ ಕಟ್ಟಿದರೆ ಸಾಲದು, ಪ್ರತಿ ರಾತ್ರಿಯೂ ಕಟ್ಟಬೇಕು. ಇಶಾ ನಮಾಝ್ ಮುಗಿಸಿ ಮಗನ ಕೈಗೆ ದಿನವೂ ಮಾತ್ರೆಯಿಟ್ಟು, ಅವನು ನುಂಗುವ ತನಕ ಪಕ್ಕದಲ್ಲಿ ಕೂರುವ ತಾಯಿಯ ಸಹನೆಯೂ ಈಮಾನಿನ ಭಾಗವೇ. ಅವಳ ಕಥೆಯನ್ನು ನಮ್ಮ ಸಿನಿಮಾಗಳು ಎಂದು ಹೇಳುತ್ತವೆ?