ಎಂಟು ಸಾಲಿನ ಚೀಟಿ

ಟರ್ಮಿನಲ್‌ನಲ್ಲಿ ಕೆಲಸ ಮಾಡುವವರ ನಡುವೆ ಒಂದು ಮಾತು ಸಲೀಸಾಗಿ ಓಡಾಡುತ್ತಿದೆ: ಕಮಾಂಡುಗಳ ಕೈಪಿಡಿಯಾದ ಮ್ಯಾನ್ ಪುಟ ಓದುವ ಕಾಲ ಮುಗಿಯಿತು, ಉದಾಹರಣೆಗಳ ಚೀಟಿ ಕೊಡುವ ಟಿಎಲ್‌ಡಿಆರ್ ಇದೆ, ಚೀಟ್ ಡಾಟ್ ಎಸ್‌ಎಚ್ ಇದೆ, ಬೇಕಾದ ಸಾಲು ಎತ್ತಿ ಅಂಟಿಸಿದರಾಯಿತು. 2013ರಲ್ಲಿ ಶುರುವಾದ ಟಿಎಲ್‌ಡಿಆರ್, ಒಂದು ಕಮಾಂಡಿಗೆ ಹೆಚ್ಚೆಂದರೆ 8 ಉದಾಹರಣೆ ಎಂಬ ಕಟ್ಟುಪಾಡು ಇಟ್ಟುಕೊಂಡಿದೆ. ಟಾರ್ ಕಮಾಂಡಿನ ಆಯ್ಕೆಗಳು ಯಾರ ತಲೆಯಲ್ಲೂ ನಿಲ್ಲುವುದಿಲ್ಲ, ಅಷ್ಟರಮಟ್ಟಿಗೆ ಉಪಕಾರವೇ. ಇಷ್ಟೇ ಸಾಕು ಎನ್ನುತ್ತಾರಲ್ಲ, ತಕರಾರು ಅಲ್ಲಿ.

ಚೀಟಿಯೊಂದೇ ಯಾಕೆ ಸಾಲದು ಎಂದು ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟದವರನ್ನು ಕೇಳಿ. ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಚೀಟಿಯಲ್ಲಿ ಒಂದೇ ಸಾಲು. ಆದರೆ ತುತ್ತದ ನೀರನ್ನೇ ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಕೂಡದು. ಕೂಡಿಸಿದ ದಿನವೇ ಹೊಡೆದು ಮುಗಿಸಬೇಕು. ಸುಣ್ಣ ಹಳತಾಗಿದ್ದರಂತೂ ಲೆಕ್ಕ ಸರಿಯಿದ್ದೂ ಔಷಧಿ ಕೆಟ್ಟಿರುತ್ತದೆ. ಅದಕ್ಕೇ ಉಜ್ಜಿದ ಕತ್ತಿಯ ಅಲಗು ಅದ್ದಿ ನೋಡುವುದು. ಕೆಂಪಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲವಾದರೆ ಎಳೆಗಾಯಿ ಸುಟ್ಟೀತು. ಈ ಕತ್ತಿಯ ಪರೀಕ್ಷೆಯನ್ನು ಬಿಟ್ಟು ಲೆಕ್ಕ ಮಾತ್ರ ಬರೆದುಕೊಟ್ಟ ಚೀಟಿಯನ್ನು ಯಾವ ಹಿರಿಯ ಬೆಳೆಗಾರನೂ ಹೊಸಬನ ಕೈಗೆ ಕೊಡಲಾರ.

ಕಮಾಂಡುಗಳ ಕತೆಯೂ ಹೀಗೇ. ಕಡತ ಹುಡುಕುವ ಫೈಂಡ್ ಕಮಾಂಡನ್ನು ನೋಡಿ. ಅದು ಷರತ್ತುಗಳನ್ನು ಎಡದಿಂದ ಬಲಕ್ಕೆ ಓದುತ್ತದೆ. ಕಡತದ ಹೆಸರು ಮೊದಲು, ಡಿಲೀಟ್ ಆಮೇಲೆ ಬಂದರೆ ಬೇಡದ್ದು ಮಾತ್ರ ಅಳಿಯುತ್ತದೆ. ಡಿಲೀಟ್ ಮುಂದೆ ಬಂತೋ, ಆ ಫೋಲ್ಡರಿನೊಳಗಿನದೆಲ್ಲ ಹೋಯಿತು. ಗ್ನೂ ಮ್ಯಾನ್ ಪುಟ ಇದನ್ನು ಎಚ್ಚರಿಕೆಯೆಂದೇ ಬರೆದಿದೆ. ನಕಲು ಮಾಡುವ ಆರ್‌ಸಿಂಕ್‌ನಲ್ಲಿ ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಒಂದು ಓರೆಗೆರೆ ಇದ್ದರೆ ಒಳಗಿನದು ಮಾತ್ರ ನಕಲಾಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಕೂರುತ್ತದೆ. ಚೀಟಿಯ ಸಾಲು ತಪ್ಪಿರುವುದಿಲ್ಲ. ಆದರೆ ಯಾರೂ ಅದನ್ನು ಹಾಗೇ ಬಳಸುವುದಿಲ್ಲವಲ್ಲ! ತಮ್ಮ ಕೆಲಸಕ್ಕೆ ತಕ್ಕಂತೆ ಒಂದು ಪದ ಅತ್ತ, ಒಂದು ಇತ್ತ ಸರಿಸುತ್ತಾರೆ. ಕಾರಣ ತಿಳಿಯದವನಿಗೆ ಅಪಾಯ ಅಲ್ಲೇ.

1971ರಲ್ಲಿ ಥಾಂಪ್ಸನ್ ಮತ್ತು ರಿಚಿ ಬರೆದ, ಮ್ಯಾನ್ ಪುಟಗಳ ಮೂಲವಾದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲೇ ದೋಷಗಳಿಗೆಂದು ಪ್ರತ್ಯೇಕ ವಿಭಾಗವಿತ್ತು. ತಮ್ಮ ಸರಕಿನ ಕೊರತೆಯನ್ನು ತಾವೇ ಬರೆದಿಡುವ ಆ ಪದ್ಧತಿಯನ್ನು ಎಂಟು ಸಾಲಿನ ಚೀಟಿಯಲ್ಲಿ ಹುಡುಕಬೇಡಿ.

ಇನ್ನು ನೆಟ್‌ವರ್ಕ್. ಚೀಟ್ ಡಾಟ್ ಎಸ್‌ಎಚ್ ಇರುವುದೇ ಅದರ ಮೇಲೆ. 2020ರಲ್ಲಿ ಲ್ಯಾಪ್‌ಟಾಪ್ ಹಿಡಿದು ಮಲೆನಾಡಿನ ಮನೆಗೆ ಮರಳಿದವರಿಗೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದು ನೆನಪಿರಬಹುದು. ಆಷಾಢದ ಮಳೆಗೆ ಕರೆಂಟು ಹೋಗಿ ಟವರ್ ಮಲಗಿದಾಗ ಮ್ಯಾನ್ ಪುಟಗಳು ಯಂತ್ರದಲ್ಲೇ ಇರುತ್ತವೆ. ಟಿಎಲ್‌ಡಿಆರ್ ಕೂಡ ಇದ್ದೀತು, ಮೊದಲೇ ಇಳಿಸಿಟ್ಟುಕೊಂಡಿದ್ದರೆ.

ಮ್ಯಾನ್ ಪುಟ ಉದ್ದ ಎಂಬ ದೂರಿಗೆ ಮಾತ್ರ ನನಗೆ ಸಹಾನುಭೂತಿ ಇಲ್ಲ. ಬ್ಯಾಷ್‌ನ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿ ಎಂದು ಯಾರೂ ಹೇಳಿಲ್ಲ. ಪುಟ ತೆರೆದು ಓರೆಗೆರೆ ಒತ್ತಿ, ಬೇಕಾದ ಪದ ಟೈಪಿಸಿ, ಎಂಟರ್ ಹೊಡೆಯಿರಿ, ಮುಂದಿನದಕ್ಕೆ ಎನ್.